ಮಾರುವ ಮನೆಯಲ್ಲಿ ಮಧ್ಯಾಹ್ನದ ನಿದ್ದೆ

ಮಾರುವುದಕ್ಕೆಂದು ಮನೆಯನ್ನು ಸಿಂಗರಿಸಲು ಕೂತರೆ ತಮಾಷೆಗಳು ತಾವಾಗಿಯೇ ನಡೆಯುತ್ತ ಹೋಗುತ್ತವೆ. ನಾವೇನೂ ಮಾಡಬೇಕಾಗಿಲ್ಲ, ಬಾಗಿಲು ತೆರೆದಿಟ್ಟರೆ ಸಾಕು.

ಕಾಸಾರಶಿರಸಿಯಲ್ಲಿ ನಮ್ಮದು ದಪ್ಪ ಮಣ್ಣಿನ ಗೋಡೆಯ ಮನೆ. ದೇವರ ಜಗಲಿ ಮುತ್ತ್ಯಾನ ಕಾಲದಿಂದಲೂ ಮೇಲಿನ ಖೋಲಿಯಲ್ಲಿ. ನಮ್ಮ ಮನೆಯಾಕೆಗೆ ಮೊಳಕಾಲು ನೋವು. ಆದರೂ ಪೂಜೆ ತಪ್ಪಿಸುವವಳಲ್ಲ. ಆ ಕಡಿದಾದ ಪಾವಟಿಗೆಗಳನ್ನು ಕೂತು ಕೂತು ಏರುತ್ತಿದ್ದಳು. ನೋಡಲಾಗದೆ ಉದಗೀರದಲ್ಲಿ, ಮಠದ ಹತ್ತಿರ, ಪಾವಟಿಗೆಯೇ ಇಲ್ಲದ ಒಂದು ಮನೆ ಗೊತ್ತುಮಾಡಿದೆ. ಶ್ರಾವಣ ಮುಗಿಯುವ ತನಕ ಕಾಯುತ್ತೇವೆ ಎಂದರು ಆ ಮನೆಯವರು. ಅಷ್ಟರೊಳಗೆ ನಮ್ಮದು ಮಾರಿಹೋಗಬೇಕಿತ್ತು.

ಸುಣ್ಣ

“ಯಜಮಾನ್ರ, ಗಿರಾಕಿ ಒಳಗ ಬಂದ್ರ ಮನಸ್ಸು ಶಾಂತ ಆಗಬೇಕ್ರಿ” ಅಂದ, ಮನೆ ಮಾರಿಸಿಕೊಡಲು ನಾನು ಹಿಡಿದಿದ್ದ ದಲಾಲ.

ಮನಸ್ಸು ಶಾಂತವಾಗಲು ನನಗೆ ಗೊತ್ತಿದ್ದದ್ದು ಒಂದೇ ದಾರಿ. ಗೋಡೆಗೆಲ್ಲ ಬಿಳಿ ಸುಣ್ಣ ಬಳಿಸಿದೆ. ಪ್ರತಿ ಹೊಸ್ತಿಲಿಗೂ ವಿಭೂತಿಯ ಮೂರು ಗೆರೆ ಎಳೆದೆ, ಬಾಗಿಲಿಗೆ ಬಿಲ್ವಪತ್ರೆಯ ಸರ ಕಟ್ಟಿದೆ, ಮೂಲೆಯಲ್ಲಿ ಧೂಪ ಹಚ್ಚಿದೆ.

ನಿಲಂಗಾದಿಂದ ಗಂಡ ಹೆಂಡತಿ ಬಂದರು. ರಸ್ತೆಯಲ್ಲೇ ಚಪ್ಪಲಿ ಬಿಟ್ಟು, ಹೊಸ್ತಿಲಿಗೆ ಹಣೆ ಹಚ್ಚಿ, ದನಿ ತೆಗೆಯದೆ ಒಂದು ಸುತ್ತು ಹಾಕಿದರು. ಆಮೇಲೆ ಬಂದು ನನ್ನ ಕಾಲಿಗೆ ಬಿದ್ದರು.

“ಏಳ್ರಿ, ಏಳ್ರಿ. ಮನಿ ಹ್ಯಾಂಗ ಅನಿಸ್ತು?” ಅಂದೆ.

“ಇಂಥಾ ಜಾಗಾದಾಗ ಸಂಸಾರ ಮಾಡ್ಲಕ್ಕ ಆಗ್ತದೇನ್ರೀ ಅಪ್ಪಾರ!” ಗಂಡ ಕೆನ್ನೆ ಬಡಿದುಕೊಂಡ.

ಹೆಂಡತಿ ಮೆಲ್ಲಗೆ ಕೇಳಿದಳು: “ಲಗ್ನಕ್ಕ ಬಾಡಿಗಿ ಕೊಡ್ತೀರೇನ್ರೀ?”

ಖುಲ್ಲಾ ಮನೆ

“ಸಾಮಾನ ಭಾಳ ಆತ್ರಿ. ಮನಿ ಖುಲ್ಲಾ ಕಾಣಬೇಕು” ಅಂದ ದಲಾಲ ಮರುವಾರ.

ತೂಗುಮಂಚ, ಹಿತ್ತಾಳೆ ಹಂಡೆ, ಜೋಳದ ಚೀಲ, ಹಳೆಯ ಸಂದೂಕ, ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿದೆವು. ನಮ್ಮ ಮನೆ ಎಷ್ಟು ಖಾಲಿಯಾಯಿತೆಂದರೆ, ಆಡಿದ ಮಾತು ಒಳಗೆಲ್ಲ ಅಡ್ಡಾಡಿ ನಿಧಾನವಾಗಿ ಹಿಂದಿರುಗಿ ಬರುತ್ತಿತ್ತು.

ದೇವಣಿಯ ಮರಾಠಿ ಶಾಲೆಯ ಒಬ್ಬ ಮಾಸ್ತರರು ನೋಡಲು ಬಂದರು. “ಬರೇ ಗ್ವಾಡಿ ಅವ” ಎಂದು ಗೊಣಗಿ, ನೀರು ಕುಡಿಯಲು ಪಕ್ಕದ ಮನೆಗೆ ಹೋದವರು ತಿರುಗಿ ಬರಲೇ ಇಲ್ಲ. ಹೋಗಿ ನೋಡಿದರೆ ನಮ್ಮದೇ ತೂಗುಮಂಚದ ಮೇಲೆ ಕೂತು, ಅರ್ಧ ಕಣ್ಣು ಮುಚ್ಚಿ ತೂಗಿಕೊಳ್ಳುತ್ತಿದ್ದಾರೆ.

“ವಾ! ಘರ ಅಸಾವಂ ತರ ಅಸಂ! ಮನಿ ಅಂದ್ರ ಹಿಂಗ ತುಂಬಿರಬೇಕು ನೋಡ್ರಿ. ಇದನ್ನ ಯಾಕ ತೋರಸಲಿಲ್ಲ?”

ನಾನು ಬಾಯಿ ತೆರೆಯುವಷ್ಟರಲ್ಲಿ ಆ ಮನೆಯ ಸೊಸೆ ನನ್ನನ್ನು ಬದಿಗೆ ಕರೆದು ಪಿಸುಗುಟ್ಟಿದಳು: “ಕಾಕಾರ, ನಿಮ್ಮ ಹಂಡೆ ಇನ್ನೊಂದೆಂಟು ದಿನ ಇಲ್ಲೇ ಇರ್ಲಿ.”

ನಿದ್ದೆ

ಉಮರಗಾದ ಕಾಳಿನ ವ್ಯಾಪಾರಿಯೊಬ್ಬ ಸಂತೆಯ ದಿನ ಬಂದ. ಮನೆ ನೋಡಲು ಬಂದವರೂ ಪ್ರಸಾದ ಮಾಡದೆ, ಅಂದರೆ ಉಣ್ಣದೆ, ಹೋಗಬಾರದೆಂಬುದು ನಮ್ಮ ಮನೆಯ ರೂಢಿ. ಮನೆಯಾಕೆ ಹೋಳಿಗೆಗೆ ತುಪ್ಪ ಹಾಕಿ ಹಾಕಿ ಉಣಿಸಿದಳು. “ಗಾಳಿ ಹ್ಯಾಂಗದ ನೋಡ್ತೀನ್ರಿ” ಎಂದು ಪಡಸಾಲೆಯ ಕಂಬಳಿಯ ಮೇಲೆ ಅಡ್ಡಾದವನು ಸಂಜೆ ಬಿಸಿಲು ಗೋಡೆ ಇಳಿಯುವ ತನಕ ಏಳಲಿಲ್ಲ.

“ಕನಸಿನ್ಯಾಗ ಅವ್ವ ಬಂದಿದ್ಲು. ತೀರಿಕೊಂಡು ಭಾಳ ವರ್ಷ ಆತ್ರಿ. ನಿಮ್ಮ ಅಂಗಳದಾಗ ಜ್ವಾಳ ಕೇರ್ಲಕತ್ತಿದ್ಲು” ಅಂದ.

“ಶುಭ ಶಕುನ! ಹಂಗಾರ ಖರೀದಿ ಪಕ್ಕಾ?” ದಲಾಲ ಜಿಗಿದ.

“ಅವ್ವ ಇನ್ನಾ ಒಳಗ ಬಂದಿಲ್ಲಪ್ಪ. ಪೂರಾ ನೋಡ್ಲಿ, ತಡಿ.”

ಮುಂದಿನ ಸಂತೆಗೆ ಬಂದ, ಉಂಡ, ಮಲಗಿದ. ಅವನ ಅವ್ವ ಅಡುಗೆಮನೆಗೆ ಬಂದಿದ್ದಳು. ಅದರ ಮುಂದಿನ ಸಂತೆಗೆ ಹಿತ್ತಲು. ನಾವು ಪಿಸುಮಾತಿನಲ್ಲೇ ಓಡಾಡುತ್ತ, ಆ ತಾಯಿ ಎಲ್ಲಿಯವರೆಗೆ ಬಂದಳೋ ಎಂದು ಅವನ ರೆಪ್ಪೆಯನ್ನೇ ನೋಡುತ್ತ ಕೂರುತ್ತಿದ್ದೆವು. ಶ್ರಾವಣ ಮುಗಿಯುತ್ತ ಬಂತು.

ಕಡೆಯ ಸಂತೆಯ ದಿನ ಅವನು ಎದ್ದವನೇ ಮುಖ ಸಣ್ಣದು ಮಾಡಿದ.

“ಅವ್ವ ಪಾವಟಿಗಿ ತನಕಾ ಬಂದು ಮೊಳಕಾಲು ಹಿಡಕೊಂಡು ಕುಂತ್ಬಿಟ್ಲು. ‘ದೇವರು ಮ್ಯಾಲ ಇದ್ರ ನಾ ಹ್ಯಾಂಗ ಹತ್ಲೆಪಾ? ಈ ಮನಿ ಬ್ಯಾಡ’ ಅಂದ್ಲು.”

ಉದಗೀರದ ಮನೆ ಕೈತಪ್ಪಿದಂತೆಯೇ ಎಂದುಕೊಂಡು ನಾನು ಶಿವನನ್ನು ನೆನೆದೆ. ಮನೆಯಾಕೆ ಗೋಡೆ ಹಿಡಿದು ಮುಂದೆ ಬಂದಳು.

“ಅಷ್ಟಽ ಅಲ್ಲೇನ್ರೀ ಅಣ್ಣಾರ? ಜ್ವಾಳದ ಖೋಲಿ ಖಾಲಿ ಅದ. ದೇವರ ಜಗಲಿ ಕೆಳಗ ತಂದ್ರ ಆತು. ಮುದುಕಿಗಿ ಹತ್ತೋ ತ್ರಾಸಽ ಇಲ್ಲ!”

ವ್ಯಾಪಾರಿಯ ಮುಖ ಅರಳಿತು. ಕೂಡಲೇ ಕಿವಿ ತುರಿಸಿಕೊಂಡು ಕೇಳಿದ: “ಖರೇ ಅದ ಅಕ್ಕಾರ. ಮತ್ತ ನೀವ್ಯಾಕ ಮಾರ್ಲಕತ್ತೀರಿ?”

ಮನೆಯಾಕೆ ನನ್ನ ಕಡೆ ನೋಡಿದಳು. ನಾನು ಪಾವಟಿಗೆಯ ಕಡೆ ನೋಡಿದೆ. ದಲಾಲ ಚಪ್ಪಲಿ ಹುಡುಕತೊಡಗಿದ.

“ಮಾರಂಗಿಲ್ರಿ” ಅಂದಳು ಆಕೆ.

ವ್ಯಾಪಾರಿ ಸಿಟ್ಟಾಗಲಿಲ್ಲ. “ಆಗ್ಲಿ ಬಿಡ್ರಿ. ಒಂದೀಟು ತಡೀರಿ, ಅವ್ವಗ ಹೇಳಿ ಬರ್ತೀನಿ. ಪಾಪ, ಅಲ್ಲೇ ಕುಂತಿರ್ತಾಳ” ಎಂದು ಧೋತರದ ತುದಿಯನ್ನು ಮುಖದ ಮೇಲೆ ಎಳೆದುಕೊಂಡು ಮತ್ತೆ ಮಲಗಿಬಿಟ್ಟ.