ಬೆಳಕಿನ ಪೆಟ್ಟಿಗೆ, ಕಪ್ಪು ಕನ್ನಡಕ

ದಾವಣಗೆರೆಗೆ ಸೋರಿಯಾಸಿಸ್‌ನ ಬೆಳಕಿನ ಚಿಕಿತ್ಸೆ ತರಿಸಿದವನೇ ನಾನು. ಸುಳ್ಳು ಬಿಡ್ರಿ, ಚಾ ಕುಡೀತಾ ಕೇಳ್ರಿ. ಎಂಬತ್ತರ ದಶಕದಲ್ಲಿ ಆ ಟ್ಯೂಬ್‌ಲೈಟಿನ ಪೆಟ್ಟಿಗೆಯೊಳಗೆ ಬರೀ ಮೈಯಲ್ಲಿ ನಿಂತು ನಾಚಿಕೊಂಡವನು, ಅಷ್ಟೇ. ಮುಚ್ಚಿಡಲು ಹೋದಷ್ಟೂ ಬಯಲಾಗುವುದು ನನ್ನ ಹಣೆಬರಹ.

೧. ಬಸ್ಸಿನ ಕುರುಡ

ಮಗಳಿಗೆ ಹರಿಹರದ ಗಂಡು ಗೊತ್ತಾಗಿತ್ತು. ನನ್ನ ಮೈಮೇಲಿನ ಚಕ್ಕೆ ಬೀಗರ ಕಣ್ಣಿಗೆ ಬಿದ್ದರೆ ಸಂಬಂಧ ಮುರಿದಂತೆಯೇ ಎಂಬ ಭಯ. ಬಿರುಬಿಸಿಲಲ್ಲೂ ತುಂಬುತೋಳಿನ ಅಂಗಿ. ಚಿಕಿತ್ಸೆಯ ಗುಳಿಗೆ ನುಂಗಿದ ದಿನ ಕಣ್ಣಿಗೆ ಬಿಸಿಲು ತಾಗಬಾರದೆಂದು ಕಪ್ಪು ಕನ್ನಡಕ ಬೇರೆ ಕಡ್ಡಾಯ. ಹರಿಹರದ ಬಸ್ಸಿನಲ್ಲಿ ಅಜ್ಜಿಯೊಬ್ಬಳು, “ಪಾಪ, ಕಣ್ಣಿಲ್ಲ, ಕೂಡ್ರಪ್ಪ” ಎಂದು ಎದ್ದು ಜಾಗ ಕೊಟ್ಟಳು. ಚರ್ಮರೋಗ ಅನ್ನುವುದಕ್ಕಿಂತ ಕುರುಡೇ ಮೇಲೆಂದು ಕೂತೆ. ಸ್ವಲ್ಪ ಹೊತ್ತಿಗೆ ಅವಳು ಕಂಡಕ್ಟರನಿಗೆ, “ಹರಿಹರ ಬಂತೇನು?” ಅಂದಳು. ಬಾಯಿ ತಡೆಯಲಿಲ್ಲ: “ಇನ್ನೂ ಇಲ್ಲ ಅಜ್ಜಿ, ಅಲ್ನೋಡು, ಬೋರ್ಡಿನ್ಯಾಗ ನಾಕು ಕಿಲೋಮೀಟರ್ ಅಂತ ಬರ್ದೈತಿ.”

“ಏಳಲೇ ಮೇಲೆ!”

೨. ರಕ್ತದ ಕಾವಲುಗಾರರು

ಡಾಕ್ಟರು ಮೊದಲ ಸಲ ಬೆಳಕಿನ ಪೆಟ್ಟಿಗೆಯಲ್ಲಿ ನಿಲ್ಲಿಸುವ ಮುಂಚೆಯೇ ರಕ್ತ ತೆಗೆದಿದ್ದರು. “ರಕ್ತದಾಗೆ ಕಾವಲು ಕಣ ಅದಾವ್ರಿ. ಕಳ್ಳರನ್ನ ಬಿಟ್ಟು ಮನೆಯವರನ್ನೇ ಬಡಿಯಾಕತ್ಯಾವೆ. ಬೆಳಕು ಬಿದ್ದಮ್ಯಾಲೆ ತಣ್ಣಗಾಗ್ತಾವೋ ಇಲ್ಲೋ, ಮತ್ತೆ ರಕ್ತ ತೆಗೆದು ನೋಡಾಣ.”

ನಾನು ಇದನ್ನು ಶಾಲೆಯ ಪರೀಕ್ಷೆಯಂತೆ ಪಾಸಾಗಲೇಬೇಕೆಂದು ತಿಳಿದೆ. ಕಣಗಳು ಕೆರಳಬಾರದೆಂದು ಹೆಂಡತಿ ಏನಂದರೂ “ಹೂಂ, ನೀ ಹೇಳಿದ್ದೇ ಸರಿ” ಅನ್ನತೊಡಗಿದೆ. ಅವಳು ಅಳುತ್ತಾ ಡಾಕ್ಟರ ಬಳಿ ಓಡಿದಳು: “ನಮ್ಮನಿಯವ್ರಿಗೆ ಬೇರೆ ಏನೋ ದೊಡ್ಡ ಬ್ಯಾನಿ ಐತ್ರಿ!”

೩. ನೀವು ಮೊದಲು

ಎರಡನೇ ಸಲ ರಕ್ತ ಕೊಡಲು ಬೆಂಚಿನ ಮೇಲೆ ಕೂತಿದ್ದೆ. ಕಪ್ಪು ಕನ್ನಡಕ, ತುಂಬುತೋಳಿನ ಅಂಗಿ ತೊಟ್ಟ ಇನ್ನೊಬ್ಬರು ಪಕ್ಕದಲ್ಲೇ ಬಂದು ಕೂತರು. ನೋಡಿದರೆ ಹರಿಹರದ ಬೀಗರು!

“ಏನ್ರಿ ಬೀಗರ, ಇಲ್ಲಿ?”

“ಕಣ್ಣುಬ್ಯಾನಿರಿ. ನಿಮಗ?”

“ನಂಗೂ ಕಣ್ಣೇ.”

ಚರ್ಮದ ಡಾಕ್ಟರ ಬಾಗಿಲಲ್ಲಿ ಕೂತು ಇಬ್ಬರೂ ಕಣ್ಣಿನ ಕಷ್ಟ ಹೇಳಿಕೊಂಡೆವು. ಅಷ್ಟರಲ್ಲಿ ನರ್ಸಮ್ಮ ಬಂದಳು: “ಬೆಳಕಿನ ಪೆಟ್ಟಿಗೆಯವ್ರು ಇಬ್ರೂ ಬರ್ರಿ. ರಕ್ತ ತಗೀಬೇಕು, ತೋಳು ಮಡಚ್ರಿ.”

“ನೀವು ಮೊದ್ಲು.”

“ಛೇ ಛೇ, ಗಂಡಿನ ಕಡೆಯವ್ರು, ನೀವೇ ಮೊದ್ಲು.”

“ಹಂಗೆಲ್ಲ ಬ್ಯಾಡ್ರಿ, ವಯಸ್ಸಿಗೆ ಹಿರೇರು ನೀವು.”

ಬೀಗರ ಉಪಚಾರ ಮುಗಿಯುವಂತಿರಲಿಲ್ಲ. ನರ್ಸಮ್ಮ ಬೇಸತ್ತು ಇಬ್ಬರ ತೋಳನ್ನೂ ತಾನೇ ಮೇಲೆಳೆದಳು. ಎರಡು ಮೊಣಕೈ, ಒಂದೇ ಥರದ ಬಿಳೀ ಚಕ್ಕೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮುಂದಿನ ವಾರ ಡಾಕ್ಟರು ಇಬ್ಬರನ್ನೂ ಕೂರಿಸಿ, “ಇಬ್ಬರ ರಕ್ತದಾಗೂ ಕಾವಲು ಕಣ ತಣ್ಣಗಾಗ್ಯಾವೆ” ಎಂದರು. ನಾನು ತಲೆ ತಗ್ಗಿಸಿ, “ಸಂಬಂಧದ ವಿಚಾರ...” ಎಂದೆ.

ಬೀಗರು ಕನ್ನಡಕ ತೆಗೆದರು. “ಮಕ್ಕಳ ಜಾತಕ ಅಷ್ಟಕ್ಕಷ್ಟೇ ಐತೆ ಅಂದಿದ್ರು ಅಯ್ನೋರು. ಅಪ್ಪಂದಿರದು ಇಷ್ಟು ಚಲೋ ಕೂಡಿಬಂದೈತೆ, ಇನ್ನೇನ್ ನೋಡೋದು? ಲಗ್ನ ಹಿಡೀರಿ!”

ಚಾ ದುಡ್ಡು ನೀವೇ ಕೊಟ್ಟುಬಿಡ್ರಿ. ಜೇಬಿಗೆ ಕೈ ಹಾಕಿದ್ರೆ ತೋಳು ಮೇಲೆ ಸರೀತೈತೆ, ನಂಗಿನ್ನೂ ನಾಚಿಕೆ.