ಆರನೆಯ ಸಂಪುಟದ ಕೊನೆಯ ಮೂವತ್ತೆರಡು ಪುಟಗಳ ಕುರಿತು

ಸಾರ್ವಜನಿಕ ಗ್ರಂಥಾಲಯದ ಎರಡನೆಯ ಕಿಟಕಿಯಲ್ಲಿ ಕುಳಿತು, ಯಾರು ಯಾವ ಪುಸ್ತಕ ಓದಬೇಕೆಂದು ಸಲಹೆ ಕೊಡುವ ಅಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಿಟಕಿಯ ಗಾಜು ಸದಾ ಹೊಳೆಯುತ್ತಿರಲಿ, ತಮ್ಮ ಮೊಹರಿನ ಮಸಿ ಎಂದೂ ಒಣಗದಿರಲಿ ಎಂದು ಮೊದಲಿಗೆ ಹಾರೈಸುತ್ತೇನೆ. ನಾನು ಗ್ರಂಥಾಲಯದ ಎದುರು ಸಾಲಿನ ಟೈಲರ್ ಅಂಗಡಿಯವಳು. ತಮ್ಮ ಸೊಂಟದ ಅಳತೆಯನ್ನು ನನ್ನ ಪುಸ್ತಕದಲ್ಲಿ ಈಗಾಗಲೇ ಎರಡು ಸಲ ತಿದ್ದಿರುವುದರಿಂದ ನಾವು ಅಪರಿಚಿತರೇನಲ್ಲ. ಈ ದೂರನ್ನು ರಸ್ತೆ ದಾಟಿ ಬಂದು ಹೇಳಬಹುದಿತ್ತು. ಆದರೆ ತಾವು ನಮ್ಮ ಮನೆಗೆ ಮಾಡಿರುವ ಉಪಕಾರ ಎಷ್ಟು ದೊಡ್ಡದೆಂದರೆ, ಅದನ್ನು ಹೀಗೆ ಬಹಿರಂಗ ಪತ್ರ ಬರೆದು ನಾಲ್ಕು ಜನರೆದುರು ಹೇಳದಿದ್ದರೆ ನನಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಕಳೆದ ವರ್ಷ ಡಾಕ್ಟರು ನನ್ನ ಅಪ್ಪನ ಎದೆ ಪರೀಕ್ಷಿಸಿ, ನನ್ನನ್ನು ಹೊರಗೆ ಕರೆದು, ಇನ್ನು ಮೂರು ತಿಂಗಳು, ಅವರ ಇಷ್ಟದಂತೆ ನಡೆದುಕೊಳ್ಳಿ ಎಂದರು. ಐವತ್ತು ವರ್ಷ ಹೊಲಿದು ಕಣ್ಣು ಮಂಜಾಗಿದ್ದ ಅಪ್ಪನಿಗೆ ಉಳಿದಿದ್ದ ಇಷ್ಟ ಒಂದೇ: ರಾಜರು, ದಂಡು, ಮೂರು ತಲೆಮಾರಿನ ಹಗೆ ಇರುವ ದೊಡ್ಡ ಕಥೆಗಳನ್ನು ಓದಿಸಿ ಕೇಳುವುದು. ನಾನು ತಮ್ಮ ಕಿಟಕಿಗೆ ಬಂದು, ಇಂಥ ಹುಚ್ಚಿನವರಿಗೆ ತಕ್ಕ ಚಾರಿತ್ರಿಕ ಕಾದಂಬರಿ ಕೊಡಿ, ಆದರೆ ಬೇಗ ಮುಗಿಯುವಂತಿರಲಿ ಎಂದು ಕೇಳಿದೆ. ಏಕೆ ಬೇಗ ಎಂದು ತಾವು ಕೇಳಲಿಲ್ಲ. ನನಗೂ ಹೇಳಲು ಬಾಯಿ ಬರಲಿಲ್ಲ.

ತಾವು ಮೊದಲು ಕೊಟ್ಟದ್ದು ಹಡಗು ವ್ಯಾಪಾರದ ಮನೆತನವೊಂದರ ಕಥೆ, ಇನ್ನೂರು ಪುಟ. ಅಪ್ಪ ನಾಲ್ಕೇ ದಿನದಲ್ಲಿ ಕೇಳಿ ಮುಗಿಸಿ, "ಇದೇನಮ್ಮ, ಜೇಬು ಹೊಲಿಯೋಷ್ಟರಲ್ಲಿ ಮುಗಿದೇ ಹೋಯ್ತು. ಕೋಟಿನಷ್ಟು ಉದ್ದದ್ದು ತಗೊಂಡು ಬಾ" ಎಂದರು. ಉಪ್ಪಿನ ದಾರಿಗಾಗಿ ಕಾದಾಡುವ ಅಣ್ಣತಮ್ಮಂದಿರ ಎರಡು ಸಂಪುಟಗಳೂ ಸಾಲಲಿಲ್ಲ. ಆಗ ತಾವು, ಹೆಸರನ್ನೂ ನೋಡದೆ, ಅಂಗೈಯಲ್ಲಿ ತೂಗಿ ನೋಡಿ, ಕೋಟೆಯ ಮುತ್ತಿಗೆಯ ಆರು ಸಂಪುಟಗಳ ಕಾದಂಬರಿಯಲ್ಲಿ ಮೊದಲನೆಯದನ್ನು ನನ್ನತ್ತ ತಳ್ಳಿ, "ಇದನ್ನ ಶುರು ಮಾಡಿದೋರು ಯಾರೂ ನಡುವೆ ಬಿಟ್ಟಿಲ್ಲ" ಎಂದಿರಿ. ತಮ್ಮ ಮಾತು ಅದೆಷ್ಟು ನಿಜವಾಯಿತೆಂದರೆ, ಇದು ಹದಿನಾಲ್ಕನೆಯ ತಿಂಗಳು. ಅಪ್ಪ ನಡುವೆ ಬಿಡುವ ಲಕ್ಷಣವೇ ಇಲ್ಲ.

ಇದರಿಂದ ನನ್ನ ಕೆಲಸಕ್ಕೆ ಬಿದ್ದ ಕಲ್ಲನ್ನು ತಾವೇ ಊಹಿಸಬಹುದು. ಮಧ್ಯಾಹ್ನ ಒಂದು ಗಂಟೆ ಓದುವುದೆಂದು ಶುರುವಾದದ್ದು ಈಗ ಮೂರು ಗಂಟೆಗೆ ಬಂದು ನಿಂತಿದೆ. ಸಮವಸ್ತ್ರದ ಅಳತೆ ನೋಡಲು ಬಂದ ನರ್ಸಮ್ಮ ಒಂದೇ ತೋಳಿನ ಅಂಗಿಯಲ್ಲಿ ಕುಳಿತು, ಸೇತುವೆ ಸುಡುವ ಅಧ್ಯಾಯವನ್ನು ಪೂರ್ತಿ ಕೇಳಿಯೇ ಎದ್ದರು. ಅಪ್ಪನಂತೂ ಅಂಗಡಿಯ ಹಿಂಭಾಗದ ಮಂಚದಿಂದಲೇ ಲೇಖಕರನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ: "ಹನ್ನೊಂದು ಸಾವಿರ ಸೈನಿಕರಿಗೆ ಒಂದೇ ವಾರದಲ್ಲಿ ಹೊಸ ಅಂಗಿಯಂತೆ! ಹೊಲಿದೋರು ಯಾರು, ಇವರಪ್ಪನಾ? ಈ ಮನುಷ್ಯ ಜನ್ಮದಲ್ಲಿ ಸೂಜಿಗೆ ದಾರ ಪೋಣಿಸಿಲ್ಲ." ಡಾಕ್ಟರು ನಾಡಿ ಹಿಡಿದುಕೊಂಡೇ, ಆ ಒಕ್ಕಣ್ಣಿನ ಸೇನಾಪತಿಯ ಗತಿ ಏನಾಯಿತು ಎಂದು ವಿಚಾರಿಸುತ್ತಾರೆ. ಕೊನೆಯ ಸಲ ನೋಡಿಹೋಗಲೆಂದು ಮೂರು ಸಲ ಬಂದುಹೋದ ನನ್ನ ಅಣ್ಣ, ಫೋನಿನಲ್ಲಿ ಅಪ್ಪ ಹೇಗಿದ್ದಾರೆ ಎಂದು ಕೇಳುವುದನ್ನೇ ಬಿಟ್ಟು, ಎಷ್ಟನೆಯ ಸಂಪುಟ ಎಂದಷ್ಟೇ ಕೇಳುತ್ತಾನೆ.

ಕಳೆದ ತಿಂಗಳು ಆರನೆಯ ಸಂಪುಟ ಬಂತು. ಮಿಕ್ಕ ಐದನ್ನೂ ದಿಂಬಿನಷ್ಟು ದಪ್ಪ ಬರೆದ ಮಹಾನುಭಾವರು ಇದೊಂದನ್ನು ತೆಳ್ಳಗೆ ಬರೆದಿದ್ದಾರೆ. ಅಪ್ಪನ ದನಿಯೂ ಇಳಿದಿತ್ತು. "ರಾಣಿ ಕೋಟೆ ಉಳಿಸಿಕೊಳ್ತಾಳಾ ಇಲ್ವಾ, ಅದೊಂದು ಗೊತ್ತಾಗಿಬಿಟ್ಟರೆ ಸಾಕಮ್ಮ" ಎಂದರು. ಇಂಥ 'ಸಾಕು' ಅಪ್ಪನ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಅಂದು ಸಂಜೆ ನಾನು, ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ತಮ್ಮ ಪುಸ್ತಕದ ಬೆನ್ನು ಬಿಚ್ಚಿ, ಕೊನೆಯ ಮೂವತ್ತೆರಡು ಪುಟಗಳನ್ನು ತೆಗೆದು, ಮತ್ತೆ ಹೊಲಿದಿಟ್ಟೆ. ಗ್ರಂಥಾಲಯದ ಸ್ವತ್ತಿಗೆ ಕೈಯಾರೆ ಹಾನಿ ಮಾಡಿದ್ದೇನೆಂದು ಈ ಮೂಲಕ ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ.

ಮಾರನೆಯ ದಿನ ನಾನು ಔಷಧಿ ಬಗ್ಗಿಸುವಷ್ಟರಲ್ಲಿ ಅಪ್ಪ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು, ಒಳಬೆನ್ನಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. "ಇದು ಪ್ರೆಸ್ಸಿನೋರ ಹೊಲಿಗೆ ಅಲ್ಲ, ನಿಂದು. ಗಂಟು ಈಗಲೂ ದಪ್ಪಗೇ ಹಾಕ್ತೀಯ." ನಾನು ಬೈಗುಳಕ್ಕೆ ಕಾದು ನಿಂತೆ. ಅಪ್ಪ ಪುಸ್ತಕ ಮುಚ್ಚಿ ನನ್ನ ಕೈಗಿಟ್ಟು ಹೇಳಿದರು: "ಆ ಚಿಕ್ಕ ರಾಜಕುಮಾರನ ಸೋದರತ್ತೆ ಯಾರು ಅಂತ ಮರೆತೇ ಹೋಗಿದೆ ನೋಡು. ಮೊದಲನೇ ಸಂಪುಟದಿಂದ ಇನ್ನೊಂದು ಸಲ ಓದು."

ಅಪ್ಪನ ನೆನಪು ಹೇಗಿದೆಯೆಂದರೆ, ಮೂವತ್ತು ವರ್ಷದ ಹಿಂದಿನ ಗಿರಾಕಿಯ ಕಾಲರಿನ ಅಳತೆಯನ್ನು ಇಂದಿಗೂ ಹೇಳುತ್ತಾರೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಬೇಡಿಕೆಗಳು ಚಿಕ್ಕವು. ಒಮ್ಮೆ ಓದಿದ ಪುಸ್ತಕವನ್ನು ಎರಡು ವರ್ಷದೊಳಗೆ ಅದೇ ಓದುಗರಿಗೆ ಕೊಡತಕ್ಕದ್ದಲ್ಲ ಎಂದು ತಮ್ಮ ಕಿಟಕಿಗೆ ಅಂಟಿಸಿರುವ ನಿಯಮವನ್ನು ಇಂದೇ ಕಿತ್ತುಹಾಕಬೇಕು. ಲೇಖಕರಿಗೆ ಪತ್ರ ಬರೆದು ಏಳನೆಯ ಸಂಪುಟಕ್ಕೆ ಕೂರಿಸಬೇಕು, ಎಂಟನೆಯದಕ್ಕೂ ಮಾತು ತೆಗೆದುಕೊಳ್ಳಬೇಕು. ಶತ್ರುಸೈನ್ಯದವರಿಗೂ, ಅವಸರವೇನಿಲ್ಲ, ಮುತ್ತಿಗೆಯನ್ನು ಇನ್ನೊಂದು ಹತ್ತು ವರ್ಷ ನಿಧಾನವಾಗಿ ನಡೆಸಿ ಎಂದು ಇಲಾಖೆಯ ವತಿಯಿಂದ ತಿಳಿಸಬೇಕು. ಸಲಹೆ ಕೊಟ್ಟವರು ತಾವು. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ತಮ್ಮ ಸಲಹೆ ಕೇಳಿ ಹದಿನಾಲ್ಕು ತಿಂಗಳಿಂದ ಕೆಟ್ಟು, ಇನ್ನಷ್ಟು ಕೆಡಲು ಸಿದ್ಧಳಾಗಿರುವ,
ತಮ್ಮ ವಿಶ್ವಾಸಿ,
ಎದುರು ಸಾಲಿನ ಟೈಲರ್

ತಾ.ಕ.: ಆ ಮೂವತ್ತೆರಡು ಪುಟಗಳು ನನ್ನ ಗುಂಡಿಗಳ ಡಬ್ಬಿಯಲ್ಲಿ ಭದ್ರವಾಗಿವೆ. ನಾನೂ ಓದಿಲ್ಲ. ರಾಣಿಯ ಗತಿ ತಮಗೆ ಗೊತ್ತಿದ್ದರೆ ದಯವಿಟ್ಟು ನಮ್ಮ ರಸ್ತೆಯಲ್ಲಿ ಬಾಯಿ ಬಿಡಬೇಡಿ. ಸೊಂಟ ಸಡಿಲಿಸಲು ತಾವು ಕೊಟ್ಟ ಎರಡು ಪ್ಯಾಂಟುಗಳೂ ಸಿದ್ಧವಾಗಿ ಆ ಡಬ್ಬಿಯಿರುವ ಕಪಾಟಿನಲ್ಲೇ ಇವೆ. ಮೊದಲನೆಯ ಸಂಪುಟ ರಸ್ತೆ ದಾಟಿ ಈಚೆ ಬಂದ ದಿನ ಅವು ಆಚೆ ಬರುತ್ತವೆ.