ಆರನೆಯ ದಿನ ಎದ್ದುಹೋದ ಉಸಿರಾಟ ವಿಭಾಗಕ್ಕೆ

ಯೂನಿಯನ್ ಸಿಟಿ, ಮಾರ್ಚ್ ೧೯೮೬

ಉಸಿರಾಟ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ,
ಮಿದುಳಿನ ಬುಡ, ಕತ್ತಿನ ಮೇಲ್ಗಡೆ.

ಮಾನ್ಯರೇ,

ಮೂವತ್ತನಾಲ್ಕು ವರ್ಷ ತಮ್ಮ ಸೇವೆಯನ್ನು ಪುಕ್ಕಟೆಯಾಗಿ ಪಡೆದೂ ಒಮ್ಮೆಯೂ ತಮ್ಮ ಕ್ಷೇಮಸಮಾಚಾರ ವಿಚಾರಿಸದ ಧಾರವಾಡದ ವಿರುಪಾಕ್ಷಪ್ಪ, ಸದ್ಯ ಹೇವರ್ಡಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು, ಮಾಡುವ ಸಾಷ್ಟಾಂಗ ನಮಸ್ಕಾರಗಳು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ತುಸು ಏರಿತೆಂದರೆ ಸಾಕು, ಕಡತ ಮೇಜಿನಿಂದ ಮೇಜಿಗೆ ಅಲೆಯದೆ ತಾವು ಆ ಕ್ಷಣವೇ ಎದೆಗೆ ಆದೇಶ ಹೊರಡಿಸುತ್ತೀರಿ. ನಾನು ಮೀಟಿಂಗಿನಲ್ಲಿ ತೂಕಡಿಸುತ್ತಿರಲಿ, ಫ್ರೀವೇಯಲ್ಲಿ ಯಾರನ್ನೋ ಬೈಯುತ್ತಿರಲಿ, ತಮ್ಮ ಕೆಲಸ ನಿಂತದ್ದಿಲ್ಲ. ಇಂಥ ಕಚೇರಿಯನ್ನು ನಾನು ಎರಡು ದೇಶಗಳಲ್ಲೂ ಕಂಡಿಲ್ಲ.

ಹೀಗಿದ್ದೂ, ನನ್ನ ಮಗಳ ತಲೆಯಲ್ಲಿ ತಾವು ತೆರೆದಿರುವ ಹೊಸ ಶಾಖೆಯ ಬಗ್ಗೆ ದೂರು ಬರೆಯಬೇಕಾಗಿ ಬಂದದ್ದು ನನ್ನ ಕರ್ಮ. ಮಗು ಏಳು ವಾರ ಮೊದಲೇ ಹುಟ್ಟಿತು, ಒಪ್ಪಿದೆ. ಆದರೆ ಬಾಗಿಲು ತೆರೆದ ಮೇಲೆ ಗುಮಾಸ್ತ ಕುರ್ಚಿಯಲ್ಲಿರಬೇಕೋ ಬೇಡವೋ? ತಮ್ಮವರು ಇಪ್ಪತ್ತು ಸೆಕೆಂಡು ಎಲ್ಲಿಗೋ ಎದ್ದುಹೋಗುತ್ತಾರೆ, ಮಗು ಉಸಿರಾಡುವುದನ್ನೇ ಮರೆತು ನೀಲಿಗಟ್ಟುತ್ತದೆ, ಯಂತ್ರ ಬೊಬ್ಬೆ ಹೊಡೆಯುತ್ತದೆ, ನರ್ಸಮ್ಮ ಓಡಿಬಂದು ಅಂಗಾಲು ಕೆರೆದಾಗಷ್ಟೇ ಕುರ್ಚಿಗೆ ಮರಳುತ್ತಾರೆ. ಅಂಗಾಲು ಕೆರೆಯದೆ ಕೆಲಸಮಾಡದ ಇಂಥ ನೌಕರರನ್ನು ಎಲ್ಲಿಂದ ಹುಡುಕಿ ತಂದಿರಿ ಸ್ವಾಮಿ?

ಇವರನ್ನು ಎಚ್ಚರವಾಗಿಡಲು ಡಾಕ್ಟರು ಕೊಡುತ್ತಿರುವ ಔಷಧಿ, ಚಹಾದಲ್ಲೂ ಇರುವ ಒಂದು ಸತ್ವ ಎಂದು ಮನೆಯಲ್ಲಿ ಬಾಯಿತಪ್ಪಿ ಹೇಳಿಬಿಟ್ಟೆ. ಬಾಣಂತನಕ್ಕೆಂದು ಊರಿನಿಂದ ಬಂದಿರುವ ನಮ್ಮ ಅತ್ತೆ ಬಂಗಾರೆವ್ವನವರು, ಚಹಾ ಕುಡಿದರೆ ಕರ್ರಗಾಗುತ್ತೀರೆಂದು ಹೆದರಿಸಿ ತಮ್ಮ ಐದೂ ಮಕ್ಕಳಿಗೆ ಮ್ಯಾಟ್ರಿಕ್ ಮುಗಿಯುವವರೆಗೆ ಒಂದು ಗುಟುಕು ಕೊಡದವರು, ಮರುದಿನವೇ ಥರ್ಮಾಸಿನ ತುಂಬ ಚಹಾ ಹಿಡಿದು ಆಸ್ಪತ್ರೆಗೆ ಬಂದರು. "ಶುಂಠಿ ಹಾಕಿಲ್ರೀ, ಕೂಸಿಗೆ ಖಾರ ಆಗತೈತಿ. ಒಂದ ಚಮಚ ಬಾಯಾಗ ಬಿಡಾಕ ಹೇಳ್ರೀ ಆ ನರ್ಸಿಗೆ" ಎಂದಾಗ ಅದನ್ನು ಇಂಗ್ಲಿಷಿನಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ, ಈ ಚಹಾ ನಿಮಗಾಗಿಯೇ ತಂದದ್ದು ಎಂದು ನರ್ಸಮ್ಮನಿಗೆ ಸುಳ್ಳು ಹೇಳಿದೆ. ಆಕೆ ಪೂರ್ತಿ ಕುಡಿದು ಹೊಗಳಿದಳು, ಅತ್ತೆ ನನ್ನೊಡನೆ ಎರಡು ದಿನ ಮಾತು ಬಿಟ್ಟರು.

ಏಳು ದಿನ ಒಮ್ಮೆಯೂ ತಪ್ಪದೆ ಉಸಿರಾಡಿದರೆ ಮಗುವನ್ನು ಮನೆಗೆ ಕಳಿಸುವುದು ಆಸ್ಪತ್ರೆಯ ನಿಯಮ. ಐದು ದಿನ ತಮ್ಮವರು ನಿಷ್ಠೆಯಿಂದ ದುಡಿದರು. ನನ್ನ ಹೆಂಡತಿ ರಮಾ ಆಸೆಯಿಂದ ಕಾರಿನಲ್ಲಿ ಮಗುವಿನ ಸೀಟು ಕಟ್ಟಿಸಿದಳು. ನಿನ್ನೆ, ಆರನೆಯ ದಿನ ಮಧ್ಯಾಹ್ನ, ಮತ್ತೆ ಇಪ್ಪತ್ತು ಸೆಕೆಂಡಿನ ರಜೆ! ಎಣಿಕೆ ಮತ್ತೆ ಒಂದರಿಂದ. ರಮಾ ಅಳಲಿಲ್ಲ, ಆ ಸೀಟು ಬಿಚ್ಚಿಡ್ರೀ ಎಂದಳಷ್ಟೆ.

ಆದಕಾರಣ, ನನ್ನ ತಲೆಯಲ್ಲಿರುವ ಅನುಭವಸ್ಥ ಅಧಿಕಾರಿಯನ್ನು ಏಳು ದಿನದ ಮಟ್ಟಿಗೆ ಮಗಳಲ್ಲಿಗೆ ವರ್ಗ ಮಾಡಿಕೊಡಬೇಕಾಗಿ ಪ್ರಾರ್ಥನೆ. ಅಲ್ಲಿಯವರೆಗೆ ನನ್ನ ಒಂದೊಂದು ಉಸಿರನ್ನೂ ನಾನೇ ನೆನಪಿಟ್ಟು ಎಳೆದುಕೊಳ್ಳುತ್ತೇನೆ. ಆಫೀಸಿಗೆ ರಜೆಚೀಟಿಯನ್ನೂ ಬರೆದಿಟ್ಟಿದ್ದೇನೆ.

ಬೇರೆ ಗತಿಯಿಲ್ಲದೆ,
ತಮ್ಮ ವಿಶ್ವಾಸಿ,
ವಿರುಪಾಕ್ಷಪ್ಪ

ವಿ.ಸೂ.: ನಿನ್ನೆ ಮಗಳ ಎದೆಯ ಏರಿಳಿತ ನಿಂತಾಗ ನಾನೂ ಉಸಿರು ಬಿಗಿಹಿಡಿದು ನಿಂತಿದ್ದೆ. ಅವಳದಿನ್ನೂ ಶುರುವಾಗಿರಲಿಲ್ಲ, ಅಷ್ಟರಲ್ಲೇ ತಾವು ನನ್ನನ್ನು ಒಂದು ಮಾತೂ ಕೇಳದೆ ಬಲವಂತವಾಗಿ ಉಸಿರೆಳೆಸಿದಿರಿ. ನನ್ನ ಮೇಲೆ ಇಷ್ಟು ದರ್ಪ ತೋರಿಸುವವರು ಎರಡು ಕಿಲೋ ತೂಗದ ಕೂಸಿನ ಮುಂದೆ ಯಾಕೆ ಹಿಂಜರಿಯುತ್ತೀರಿ? ಮುಂದೆ ಯಾರದಾದರೂ ಒಂದು ಉಸಿರು ತಪ್ಪಿಸಲೇಬೇಕಾದರೆ ನನ್ನದನ್ನು ತಪ್ಪಿಸಿ. ಆಣೆಯಿಟ್ಟು ಹೇಳುತ್ತೇನೆ, ದೂರು ಬರೆಯುವುದಿಲ್ಲ.